ಕೋಟೆಯ ಚಿತ್ರಗಳು: ಕಂದು ಕಾಗದ ಮುಗೀತು, ಇನ್ನು ಬೂದು

ಚಿತ್ರದುರ್ಗದ ಕೋಟೆಯನ್ನು ಬಣ್ಣದ ಕಾಗದದ ಮೇಲೆ ಬರೆಯುವ ಕೆಲಸ ಅರ್ಧಕ್ಕೆ ಬಂದಿದೆ. ಕಂದು ಹಾಳೆಗಳು ಮುಗಿದವು. ಈ ವಾರ ಬೂದು ಶುರು.

ಬಿಳಿ ಹಾಳೆಯಲ್ಲಿ ಬೆಳಕು ಮೊದಲೇ ಇರುತ್ತದೆ, ನಾವು ನೆರಳು ತುಂಬುತ್ತೇವೆ. ಬಣ್ಣದ ಹಾಳೆಯಲ್ಲಿ ನಡುವಿನ ಶೇಡ್ ಕಾಗದದ್ದೇ. ಕಪ್ಪಿಗೆ ಚಾರ್ಕೋಲ್ (ಇದ್ದಿಲ ಕಡ್ಡಿ), ಬೆಳಕಿಗೆ ಬಿಳಿ ಚಾಕ್, ಅಷ್ಟೇ. ಸಂಜೆ ಕಣ್ಣು ಕಿರಿದು ಮಾಡಿ ಕೋಟೆಯ ಗ್ರಾನೈಟ್ ಬಂಡೆಗಳನ್ನು ನೋಡಿ. ಹೆಚ್ಚಿನ ಭಾಗ ಪೂರ್ತಿ ಬೆಳಕೂ ಅಲ್ಲ, ಪೂರ್ತಿ ನೆರಳೂ ಅಲ್ಲ. ಅಷ್ಟನ್ನೂ ಮುಟ್ಟದೆ ಬಿಡುವುದೇ ದೊಡ್ಡ ಕೆಲಸ.

ಕಂದು ಹಾಳೆಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಉಯ್ಯಾಲೆ ಕಂಬ. ಬಿಸಿಲು ಬೀಳುವ ಅಂಚಿಗೆ ಮಾತ್ರ ಬಿಳಿ ಎಳೆದೆ. ಆಕಾಶಕ್ಕೆ ಏನೂ ಹಚ್ಚಲಿಲ್ಲ. ಕಾಗದದ ಬಣ್ಣವೇ ಇಳಿಹೊತ್ತಿನ ಧೂಳಾಗಿ ನಿಂತಿತು!

ಚಾರ್ಕೋಲ್ ಮೇಲೆ ಬಿಳಿ ಚಾಕ್ ತೆಳುವಾಗಿ ಉಜ್ಜಿದರೆ ಬರುವ ಬೂದು ನೀಲಿಗೆ ತಿರುಗುತ್ತದೆ, ತಣ್ಣಗೆ ಕಾಣುತ್ತದೆ. ಕಂದು ಹಾಳೆಯಲ್ಲಿ ಅದು ಬಂಡೆಯ ಕಾವನ್ನೇ ಕಳೆಯುತ್ತದೆ. ಅದಕ್ಕೇ ಅಲ್ಲಿ ಕಪ್ಪಿಗೂ ಬಿಳಿಗೂ ನಡುವೆ ಒಂದಿಷ್ಟು ಕಾಗದ ಖಾಲಿ ಇಟ್ಟೆ. ಬೂದು ಹಾಳೆಯಲ್ಲಿ ಅದೇ ತಣ್ಣನೆಯ ಗುಣ ನನಗೆ ಬೇಕು. ಈಗ ಬರೆಯುತ್ತಿರುವುದು ಅಕ್ಕ ತಂಗಿ ಹೊಂಡ, ಮಳೆಗಾಲದ ಬೆಳಗ್ಗೆ. ಹಿಂದಿನ ಬಂಡೆಗಳಿಗೆ ಮೊದಲು ಚಾರ್ಕೋಲ್ ಸವರಿ, ಮೇಲೆ ಬಿಳಿ ಉಜ್ಜಿದೆ. ಮಂಜು ಬಂತು. ಮುಂದಿನ ಮೆಟ್ಟಿಲುಗಳಿಗೆ ಅಚ್ಚ ಕಪ್ಪು, ಗೆರೆಯೂ ಚೂಪು. ದೂರದ್ದು ಮಸುಕು, ಹತ್ತಿರದ್ದು ಗಟ್ಟಿ ಆದಾಗ ಮಧ್ಯೆ ಗಾಳಿ ಇದೆ ಅನ್ನಿಸುತ್ತದೆ ಅಲ್ವಾ? ನೀರಿನ ಮಿಂಚು ಇನ್ನೂ ಬಾಕಿ. ಅಚ್ಚ ಬಿಳಿಯನ್ನು ಅದಕ್ಕೇ ಎತ್ತಿಟ್ಟಿದ್ದೇನೆ, ಕಡೆಗೆ ಹಾಕುತ್ತೇನೆ.

ಕಾಗದದ ಬಗ್ಗೆ ಒಂದು ಮಾತು. ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕುವ ಕಂದು ಕಾಗದ ಅಭ್ಯಾಸಕ್ಕೆ ಬಹಳ ಚೆನ್ನ, ಅಗ್ಗ ಕೂಡ. ಆದರೆ ಸಾಮಾನ್ಯವಾಗಿ ಅದರಲ್ಲಿ ಆಮ್ಲ ಇರುತ್ತದೆ. ವರ್ಷ ಕಳೆದಂತೆ ಕಪ್ಪಾಗುತ್ತದೆ, ಪುಡಿಯಾಗುತ್ತದೆ. ಇಟ್ಟುಕೊಳ್ಳುವ ಚಿತ್ರಕ್ಕೆ ಆಸಿಡ್ ಫ್ರೀ ಹಾಳೆಯನ್ನೇ ತನ್ನಿ.

ಮುಂದಿನದು ಒನಕೆ ಓಬವ್ವನ ಕಿಂಡಿ. ಅದಕ್ಕೆ ಕಪ್ಪು ಕಾಗದ ತೆಗೆದುಕೊಳ್ಳಬೇಕು ಅಂತಿದ್ದೇನೆ. ಬಿಳಿ ಚಾಕ್ ಒಂದರಲ್ಲೇ ಬಂಡೆಯ ಸಂದಿ ಬಿಡಿಸಬೇಕು. ಯಾವ ಹೊತ್ತಿಗೆ ಬೆಳಕು ಎಲ್ಲಿಯವರೆಗೆ ಬೀಳುತ್ತದೆ ಅಂತ ಮೊದಲು ಹೋಗಿ ನೋಡಿಕೊಂಡು ಬರುತ್ತೇನೆ.