ಸೋಮವಾರ ಇಟ್ಟಿದ್ದನ್ನು ಗುರುವಾರವೇ ತೆಗೀಬೇಕು

ಪಾಂಡವಪುರದ ಹತ್ತಿರ, ನಾಲೆ ಪಕ್ಕದ ತೆಂಗಿನ ತೋಟದಲ್ಲಿ ನಾವು ಮೆಲ್ಲಿಫೆರಾ ಅನ್ನೋ ವಿದೇಶಿ ತಳಿಯ ಜೇನು ಸಾಕೋದು. ತುಪ್ಪ ತೆಗೆಯೋದು ನನಗೆ ರೂಢಿ. ರಾಯಲ್ ಜೆಲ್ಲಿಗೆ ಕೈ ಹಾಕಿದ ಮೇಲೇ ಗೊತ್ತಾಗಿದ್ದು, ಅದರ ಲೆಕ್ಕವೇ ಬೇರೆ ಅಂತ.

ಇದು ಹೂವಿನದ್ದಲ್ಲ. ಮರಿ ಸಾಕುವ ಎಳೆ ಕೆಲಸಗಾರ ನೊಣಗಳ ತಲೆಯ ಗ್ರಂಥಿಗಳಲ್ಲಿ ಒಸರುವ ಹಾಲಿನಂಥ ರಸ. ಎಲ್ಲ ಮರಿಗಳಿಗೂ ಮೊದಲ ಮೂರು ದಿನ ಸಿಗುತ್ತೆ, ರಾಣಿಯಾಗೋ ಮರಿಗೆ ಮಾತ್ರ ಕೊನೆತನಕ. ಆ ಮರಿಯ ಪಾಲನ್ನೇ ನಾವು ಕದಿಯೋದು.

ರಾಣಿಯನ್ನು ಕೆಳಪೆಟ್ಟಿಗೆಯಲ್ಲೇ ಬಿಟ್ಟು ನಡುವೆ ಜಾಲರಿ ಹಾಕ್ತೀವಿ. ಒಂದು ದಿನವೂ ತುಂಬದ ಮರಿಹುಳುವನ್ನು ಸೂಜಿಯಂಥ ಕಡ್ಡಿಯಲ್ಲಿ ಎತ್ತಿ, ಪುಟ್ಟ ಪ್ಲಾಸ್ಟಿಕ್ ಬಟ್ಟಲಿಗೆ ಇಳಿಸಿ ಮೇಲ್ಪೆಟ್ಟಿಗೆಗೆ ಕೊಡಬೇಕು. ಜಾಲರಿ ದಾಟಿ ರಾಣಿ ಮೇಲೆ ಬರಲಾಗದ್ದರಿಂದ, ಹೊಸ ರಾಣಿ ಬೇಕೆಂದು ಅಲ್ಲಿನ ನೊಣಗಳು ಬಟ್ಟಲಿಗೆ ರಸ ತುಂಬುತ್ತವೆ. ಮರಿ ಎಷ್ಟು ಚಿಕ್ಕದೆಂದರೆ ನನಗೆ ಕನ್ನಡಕ ಬಂದಿದ್ದೇ ಈ ಕೆಲಸದಿಂದ ಅಂತ ಮನೇಲಿ ಬೈಗುಳ.

ಹೊಂಗೆ ಹೂ ಬಿಟ್ಟಿದ್ದ ಕಾಲ. ಸೋಮವಾರ ಬೆಳಗ್ಗೆ 60 ಬಟ್ಟಲಿಗೆ ಮರಿ ಇಟ್ಟೆ. 72 ಗಂಟೆಗೆ, ಅಂದರೆ ಗುರುವಾರ ಬೆಳಗ್ಗೆ ತೆಗೀಬೇಕಿತ್ತು. ಅವತ್ತೇ ಮದ್ದೂರಲ್ಲಿ ಭಾವಮೈದನ ಧಾರೆ. ತಡವಾದಷ್ಟೂ ಕೆಚ್ಚಲು ತುಂಬುತ್ತೆ ಅನ್ನೋ ಹಸುವಿನ ಲೆಕ್ಕ ಹಾಕಿ ಹೊರಟುಬಿಟ್ಟೆ.

ಶುಕ್ರವಾರ ಸಂಜೆ ತೆಗೆದು ನೋಡಿದರೆ ಎಷ್ಟೋ ಬಟ್ಟಲಿಗೆ ಮೇಣದ ಮುಚ್ಚಳ ಬೀಳುತ್ತಿತ್ತು. ಒಳಗೆ ಮರಿ ಗುಂಡಗೆ ಕೊಬ್ಬಿತ್ತು, ರಸ ತಳ ಕಂಡಿತ್ತು. ತೋಟದ ಹಿರಿಯರು, ನಾವೆಲ್ಲ ದೊಡ್ಡಯ್ಯ ಅನ್ನೋರು, ಇಣುಕಿ ನೋಡಿ, “ಕರೀದೆ ಬುಟ್ರೆ ಕರ ಕುಡ್ಕಂಡ್ ಹೋಯ್ತದೆ ಕಣ್ಲಾ, ಇನ್ನೇನಾದದು?” ಅಂದರು. ನನ್ನ ಹಸುವಿನ ಲೆಕ್ಕದಲ್ಲಿ ಕರುವೇ ಇರಲಿಲ್ಲ!

ಹೊತ್ತಿಗೆ ಸರಿಯಾಗಿ ತೆಗೆದರೂ ಬಟ್ಟಲಿಗೆ ಕಾಲು ಗ್ರಾಂ ಸಿಕ್ಕರೆ ಪುಣ್ಯ. 60 ಬಟ್ಟಲಿಗೆ 15 ಗ್ರಾಂ. ಮರಿಗೆ ಗಾಯವಾಗದಂತೆ ಚಿಮಟದಲ್ಲಿ ಎತ್ತಿ, ಇಲ್ಲಾಂದರೆ ಅದರ ಮೈನೀರು ರಸಕ್ಕೆ ಸೇರುತ್ತೆ, ಪ್ಲಾಸ್ಟಿಕ್ ಚಮಚದಲ್ಲಿ ಬಳಿದು, ಜಾಲರಿಯಲ್ಲಿ ಸೋಸಿ, ಕಪ್ಪು ಗಾಜಿನ ಶೀಶೆಗೆ ತುಂಬಿ ತಕ್ಷಣ ಐಸ್ ಪೆಟ್ಟಿಗೆಗೆ. ರುಚಿ ಹುಳಿ, ನಾಲಿಗೆ ಚುರುಗುಟ್ಟುತ್ತೆ. ಇದರಿಂದ ಯೌವನ ಮರಳುತ್ತೆ ಅನ್ನೋ ಮಾರಾಟದ ಮಾತನ್ನು ನಾನಂತೂ ಆಡಲ್ಲ.

ಈಗ ಪೆಟ್ಟಿಗೆ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ದಿನ, ಗಂಟೆ ಬರೆದಿಡ್ತೀನಿ. ಲಗ್ನಪತ್ರಿಕೆ ಬಂದರೆ ಮೊದಲು ವಾರ ಯಾವುದೆಂದು ನೋಡಿ, ಆಮೇಲೇ ಮರಿ ಇಡೋದು.