ಮಗನ ಚೀಟಿಯ ಪಕ್ಕದಲ್ಲೇ ಅಪ್ಪನ ಚೀಟಿ

ನಮ್ಮ ಕಾಸರಗೋಡಿನ ಪೆರ್ಲ ಕಡೆ ಯಾರಾದರೂ ಕುಡಿತ ಜಾಸ್ತಿ ಮಾಡಿದರೆ ಊರಿನವರು ಹೇಳುವುದು ಒಂದೇ. ‘ಎಲ್ಲಿಗಾದರೂ ಕೊಂಡುಹೋಗಿ ಒಂದು ತಿಂಗಳು ಹಾಕಿಬಿಡಿ.’ ಮನೆಯಲ್ಲೇ ಇದ್ದುಕೊಂಡು, ಆಸ್ಪತ್ರೆಯ ಓಪಿಗೆ (ಹೊರರೋಗಿ ವಿಭಾಗಕ್ಕೆ) ಹೋಗಿ ಬಂದು, ಮಾತ್ರೆ ತೆಗೆದುಕೊಂಡು, ಕೌನ್ಸೆಲಿಂಗಿಗೆ ಕೂತು ಬಿಡಲಿಕ್ಕೂ ಆಗುತ್ತದೆ ಅಂತ ಹೇಳುವವರು ಕಡಿಮೆ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಆದದ್ದನ್ನು ಬರೆಯುತ್ತಿರುವುದು ಅದಕ್ಕೇ. ಅಕ್ಕ, ಭಾವ, ಅಳಿಯ (ಅಕ್ಕನ ಮಗ) ಮೂವರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದಿದ್ದಾರೆ.

ಶುರುವಾದದ್ದು ಅಳಿಯನಿಂದ. ಹುಡುಗ ಪ್ಲಸ್ ಒನ್, ಅಂದರೆ 11ನೇ ಕ್ಲಾಸು. ಅವನ ಬ್ಯಾಗಿನಲ್ಲಿ ತುಟಿಯ ಒಳಗೆ ಇಟ್ಟುಕೊಳ್ಳುವ ತಂಬಾಕಿನ ಸಣ್ಣ ಚೀಲಗಳ ಡಬ್ಬಿ ಸಿಕ್ಕಿತು. ನಾನು ಕೈಯಲ್ಲಿ ಹಿಡಿದು ನೋಡಿದೆ. ಅಂಗೈಯಲ್ಲಿ ಮುಚ್ಚಿಹೋಗುವಷ್ಟೇ ದೊಡ್ಡದು, ತೆರೆದರೆ ಪುದೀನ ಮಿಠಾಯಿಯ ಪರಿಮಳ. ಕ್ಲಾಸಿನಲ್ಲಿ ಕೂತೇ ಇಟ್ಟುಕೊಳ್ಳಬಹುದು, ಹೊಗೆ ಇಲ್ಲ, ಉಗುಳುವುದೂ ಇಲ್ಲ, ಪಕ್ಕದ ಬೆಂಚಿನವನಿಗೂ ಗೊತ್ತಾಗುವುದಿಲ್ಲ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದು ಅಂತ 2003ರ ಕಾನೂನು ಇದೆ. ಮಕ್ಕಳ ಕೈಗೆ ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದ ತನಕ ಜೈಲಿದೆ. ಆದರೂ ಆ ಡಬ್ಬಿ ಬ್ಯಾಗಿಗೆ ಬಂತಲ್ವಾ? ನನಗೆ ಸಿಟ್ಟು ಬರುವುದು ಅಲ್ಲಿ, ಹುಡುಗನ ಮೇಲೆ ಅಲ್ಲ.

ಶಾಲೆಯವರು ಬೈದು ಓಡಿಸಲಿಲ್ಲ, ಒಳ್ಳೆಯದಾಯಿತು. ಕಾಸರಗೋಡಿನ ಒಂದು ಆಸ್ಪತ್ರೆಯ ಓಪಿಗೆ ಹೋಗಿ ಅಂದರು. ಭಾವ, ಅಳಿಯ, ನಾನು ಬೆಳಗಿನ ಬಸ್ಸಿಗೆ ಹೊರಟೆವು. ಬದಿಯಡ್ಕ ದಾಟುವ ತನಕ ಭಾವ ಬೈಯುತ್ತಲೇ ಇದ್ದರು. ಹುಡುಗ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದ.

ಕೌನ್ಸೆಲರ್ ಒಬ್ಬರು ಹೆಂಗಸು. ಮೊದಲು ಅವನೊಬ್ಬನನ್ನೇ ಒಳಗೆ ಕರೆದರು. ಕರೆಯುವ ಮುಂಚೆ ನಮ್ಮೆದುರೇ ಹೇಳಿದರು: ‘ಇವನು ಹೇಳುವುದು ನನ್ನಲ್ಲೇ ಇರುತ್ತದೆ. ಇವನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಅಂತ ಕಂಡರೆ ಮಾತ್ರ ನಿಮಗೆ ಹೇಳುತ್ತೇನೆ, ಅದನ್ನೂ ಇವನಿಗೆ ತಿಳಿಸಿಯೇ.’ ಭಾವನಿಗೆ ಅದು ಹಿಡಿಸಲಿಲ್ಲ. ಅಪ್ಪನಿಗೆ ಗೊತ್ತಾಗಬಾರದ್ದು ಏನಿದೆ ಅಂತ ನನ್ನ ಹತ್ತಿರ ಗೊಣಗಿದರು. ಆದರೆ ಆ ಬಾಗಿಲು ಹಾಕಿದ್ದರಿಂದಲೇ ಹುಡುಗ ಬಾಯಿ ಬಿಟ್ಟದ್ದು. ತಂಬಾಕು ಮಾತ್ರ ಅಲ್ಲ, ಗಾಂಜಾವನ್ನೂ ಒಂದೆರಡು ಸಲ ನೋಡಿದ್ದೇನೆ ಅಂತ ಆಮೇಲೆ ಅವನೇ ಮನೆಯಲ್ಲಿ ಹೇಳಿದ. ಅಪ್ಪ ಎದುರು ಕೂತಿದ್ದರೆ ಅದು ಈ ಜನ್ಮದಲ್ಲಿ ಹೊರಗೆ ಬರುತ್ತಿರಲಿಲ್ಲ.

ನಂತರ ನಮ್ಮನ್ನು ಕರೆದು, ಒಂದು ಫಾರಂ ಕೊಟ್ಟು ಭಾವನ ಸಹಿ ಕೇಳಿದರು. ಪೆನ್ನು ಕಾಗದಕ್ಕೆ ತಾಗುವ ಮೊದಲೇ ನಡುಗಲು ಶುರು. ಭಾವ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡರು. ಆದರೂ ಸಹಿ ಗೆರೆ ಬಿಟ್ಟು ಮೇಲಕ್ಕೆ ಹೋಯಿತು. ಆಕೆ ಫಾರಂ ನೋಡಲಿಲ್ಲ, ಕೈ ನೋಡಿದರು. ‘ಬೆಳಿಗ್ಗೆ ಎದ್ದ ಕೂಡಲೇ ಹೀಗೆಯಾ? ಸ್ವಲ್ಪ ತೆಗೆದುಕೊಂಡರೆ ನಿಲ್ಲುತ್ತದಾ?’

ಭಾವ ಮಾತಾಡಲಿಲ್ಲ. ಹುಡುಗ ಹೇಳಿದ. ‘ಹೌದು, ನಿಲ್ಲುತ್ತದೆ.’

ನಮ್ಮ ಭಾವ ಅಡಿಕೆ ಮರ ಹತ್ತುವವರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವುದು, ಆಮೇಲೆ ಕೊಯ್ಲು. ಅಷ್ಟೆತ್ತರದಲ್ಲಿ, ಮಳೆಯಲ್ಲಿ ನೆನೆದು ಜಾರುವ ಮರದಲ್ಲಿ, ಒಂದು ಮರದಿಂದ ಇನ್ನೊಂದಕ್ಕೆ ಬಗ್ಗಿ ಹಿಡಿಯುವ ಕೈ ಅದು. ಅಡ್ಕಸ್ಥಳದ ಗಡಿ ದಾಟಿದರೆ ಕರ್ನಾಟಕದ 90 ಎಂಎಲ್ ಮದ್ಯದ ಪೊಟ್ಟಣ ಸಿಗುತ್ತದೆ, ಕಡಿಮೆ ರೇಟಿಗೆ. ಕೆಲಸಕ್ಕೆ ಮೊದಲು ಒಂದು, ಮುಗಿದ ಮೇಲೆ ಮತ್ತೆ. ಅದನ್ನು ಮನೆಯಲ್ಲಿ ಯಾರೂ ರೋಗ ಅಂತ ಕರೆದಿರಲಿಲ್ಲ. ದುಡಿಯುತ್ತಾರೆ, ಹೊಡೆಯುವುದಿಲ್ಲ, ಮನೆಗೆ ಬಂದು ಸುಮ್ನೆ ಮಲಗುತ್ತಾರೆ ಅಂತ ಅಕ್ಕನೂ ತಡೆದುಕೊಂಡಿದ್ದಳು.

ವಿಶ್ವ ಆರೋಗ್ಯ ಸಂಸ್ಥೆಯ 10 ಪ್ರಶ್ನೆಗಳ ಒಂದು ಪಟ್ಟಿ ಇದೆ. ಎಷ್ಟು ಕುಡಿಯುತ್ತೀರಿ, ಶುರು ಮಾಡಿದರೆ ನಿಲ್ಲಿಸಲಿಕ್ಕೆ ಆಗದೆ ಹೋದದ್ದುಂಟಾ, ಬೆಳಿಗ್ಗೆ ಬೇಕೇ ಬೇಕು ಅನಿಸುತ್ತದಾ, ಹೀಗೆ. ಭಾವ ಒಂದೊಂದಕ್ಕೂ ಸರಿಯಾಗಿಯೇ ಉತ್ತರ ಕೊಟ್ಟರು. ಕೊನೆಗೆ ಕೌಂಟರಿಗೆ ಹೋಗಿ ಅವರ ಹೆಸರಿನಲ್ಲೂ ಒಂದು ಓಪಿ ಚೀಟಿ ಮಾಡಿಸಿದ್ದು ನಾನು.

ಡಾಕ್ಟರ ಎದುರು ಕೂತವರೇ ಭಾವ, ‘ಇವತ್ತಿನಿಂದ ಒಂದು ಹನಿ ಮುಟ್ಟುವುದಿಲ್ಲ’ ಅಂದರು. ಡಾಕ್ಟರು ತಡೆದರು. ವರ್ಷಗಟ್ಟಲೆ ದಿನಾ ಕುಡಿದವರು ಮದ್ದಿಲ್ಲದೆ ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಎರಡು ಮೂರು ದಿನದಲ್ಲಿ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಜಾಗ, ಹೊತ್ತು ಗೊತ್ತಾಗುವುದಿಲ್ಲ, ಜೀವಕ್ಕೇ ಅಪಾಯ ಆಗುವುದೂ ಉಂಟು. ಮೊದಲು ಹಾಗೆ ಆದವರನ್ನು, ಮನೆಯಲ್ಲಿ ನೋಡಿಕೊಳ್ಳಲು ಜನ ಇಲ್ಲದವರನ್ನು ಓಪಿಯಲ್ಲಿ ಇಟ್ಟು ನೋಡುವುದಿಲ್ಲ, ಅಡ್ಮಿಟ್ ಮಾಡುತ್ತಾರೆ. ಭಾವನಿಗೆ ಅದೊಂದೂ ಆಗಿರಲಿಲ್ಲ. ಕ್ಲೋರ್‌ಡಯಾಜೆಪಾಕ್ಸೈಡ್ ಅಂತ ಮಾತ್ರೆ, ದಿನ ಹೋದ ಹಾಗೆ ಡೋಸ್ ಕಡಿಮೆ ಮಾಡಿಕೊಂಡು ಬರುವುದು. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್. ಲಿವರ್ ಪರೀಕ್ಷೆ. ಕೆಲಸ ಏನು ಅಂತ ಕೇಳಿದ ಮೇಲೆ ಡಾಕ್ಟರ ಮುಖ ಸ್ವಲ್ಪ ಬಿಗಿಯಾಯಿತು. ‘ಮಾತ್ರೆಗೆ ತೂಕಡಿಕೆ ಬರುತ್ತದೆ. ಮರ ಬೇಡ, ಬೈಕೂ ಬೇಡ.’ ಮದ್ದು ಬಿಡುವ ಸೀಸನಿನಲ್ಲಿ ಮರ ಬೇಡ ಅಂದರೆ ಸಂಬಳವೇ ಇಲ್ಲ. ತೋಟದ ಧನಿಗಳ ಹತ್ತಿರ ನಾನೇ ಹೋಗಿ ಮಾತಾಡಿದೆ. ಅವರು ಕೆಳಗಿನ ಕೆಲಸ ಕೊಟ್ಟರು, ಮೈಲುತುತ್ತು, ಸುಣ್ಣ ಕಲಸಿಕೊಡುವುದು. ಆ ಉಪಕಾರ ನಾನು ಮರೆಯುವುದಿಲ್ಲ.

ಮನೆಗೆ ಬಂದು ವಿಷಯ ಹೇಳಿದಾಗ ಅಕ್ಕ ಒಳಗೆ ಹೋಗಿ ಒಂದು ಪೊಟ್ಟಣ ತಂದು ತೋರಿಸಿದಳು. ಗೊತ್ತಾಗದ ಹಾಗೆ ಸಾರಿಗೆ ಹಾಕಿದರೆ ಕುಡಿತ ಬಿಡುತ್ತಾರೆ ಅಂತ ಜಾಹೀರಾತು ನೋಡಿ ಪಾರ್ಸೆಲ್ ತರಿಸಿದ್ದು, ಹಾಕುವ ಧೈರ್ಯ ಬಂದಿರಲಿಲ್ಲ. ಮುಂದಿನ ಸಲ ಅದನ್ನೂ ತೆಗೆದುಕೊಂಡು ಹೋದೆವು. ಇಂಥ ಪುಡಿಯಲ್ಲಿ ಏನಿದೆ ಅಂತಲೇ ಗೊತ್ತಿರುವುದಿಲ್ಲ, ಬಿಸಾಡಿ ಅಂದರು ಡಾಕ್ಟರು. ಡೈಸಲ್ಫಿರಾಮ್ ಅಂತ ನಿಜವಾದ ಮದ್ದೇ ಒಂದಿದೆ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಬಡಿದುಕೊಂಡು ಬಿಪಿ ಇಳಿಯುತ್ತದೆ. ಹಾಗಾಗಿ ಅದನ್ನು ಕುಡಿಯುವವರಿಗೆ ತಿಳಿಸಿ, ಅವರು ಒಪ್ಪಿದರೆ ಮಾತ್ರ ಕೊಡುವುದು. ದಯವಿಟ್ಟು ಯಾರೂ ಗುಟ್ಟಾಗಿ ಊಟಕ್ಕೆ ಬೆರೆಸಬೇಡಿ.

ಮಾತ್ರೆಗಿಂತ ಕಷ್ಟ ಆದದ್ದು ಮನೆಯ ಅಭ್ಯಾಸ ಬಿಡಿಸುವುದು. ಅಪ್ಪ ಮಗ ಯಾರೇ ಬಂದರೂ ಅಕ್ಕ ಜಗಲಿಯಲ್ಲೇ ನಿಲ್ಲಿಸಿ ಬಾಯಿ ಮೂಸಿ ನೋಡುತ್ತಿದ್ದಳು. ಅದನ್ನು ನಿಲ್ಲಿಸಿ ಅಂದರು ಕೌನ್ಸೆಲರ್. ‘ಮೊದಲು ಚಹಾ ಕೊಡಿ. ಕೇಳುವುದಿದ್ದರೆ ಬಾಯಿಯಿಂದ ಕೇಳಿ.’ ಅಕ್ಕನಿಗೆ ಅದು ಸುಲಭ ಆಗಲಿಲ್ಲ, ಅಷ್ಟು ವರ್ಷದ ಹೆದರಿಕೆ ಒಂದು ಮಾತಿಗೆ ಹೋಗುತ್ತದಾ? ಸಂಜೆ ಆರು ಗಂಟೆಯ ಹೊತ್ತು ಭಾವನಿಗೆ ತುಂಬಾ ಕಷ್ಟ. ಬೇಕು ಅನಿಸುವುದು ಏರಿ, ಸ್ವಲ್ಪ ಹೊತ್ತು ನಿಂತು, ತಾನಾಗಿ ಇಳಿಯುತ್ತದೆ, ಅಷ್ಟು ಹೊತ್ತು ದಾಟಿಸಿ ಅಂತ ಹೇಳಿಕೊಟ್ಟಿದ್ದರು. ಅಪ್ಪ ಮಗ ಇಬ್ಬರೂ ಆ ಹೊತ್ತಿಗೆ ಹಟ್ಟಿಯ ಕೆಲಸಕ್ಕೆ ಇಳಿಯುತ್ತಿದ್ದರು. ಹುಡುಗನಿಗೂ ನಿಕೊಟಿನ್ ಬಿಟ್ಟ ಹೊಸತರಲ್ಲಿ ಮೂಗಿನ ತುದಿಯಲ್ಲೇ ಕೋಪ, ನಿದ್ದೆ ಇಲ್ಲ. ‘ಅಪ್ಪನಿಗೂ ಹೀಗೇ ಆಗುತ್ತಾ ಮಾವ?’ ಅಂತ ನನ್ನನ್ನು ಕೇಳಿದ. ಅಪ್ಪನನ್ನೇ ಕೇಳು ಅಂದೆ. ಕೇಳಿದ.

ನಡುವೆ ಒಂದು ಮದುವೆಯ ಮೆಹಂದಿಯಲ್ಲಿ ಭಾವ ಕುಡಿದು ಬಂದರು. ಮರುದಿನ ಆಸ್ಪತ್ರೆಗೆ ಬರುವುದೇ ಇಲ್ಲ, ಇನ್ನು ಯಾವ ಮುಖ ತೋರಿಸಲಿ ಅಂದರು. ಮಗ ಒತ್ತಾಯ ಮಾಡಿ ಹೊರಡಿಸಿದ. ಡಾಕ್ಟರು ಬೈಯಲಿಲ್ಲ. ಎಷ್ಟು ಗಂಟೆಗೆ, ಯಾರ ಜೊತೆ, ಗ್ಲಾಸು ಕೊಟ್ಟದ್ದು ಯಾರು, ಮುಂದಿನ ಮೆಹಂದಿಗೆ ಹೋಗಲೇಬೇಕಾದರೆ ಊಟ ಮಾಡಿ ಎಷ್ಟು ಹೊತ್ತಿಗೆ ಹೊರಡುತ್ತೀರಿ, ಇಂಥದ್ದನ್ನೇ ಕೇಳಿದರು. ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್ ಶುರು ಮಾಡಿದ್ದು ಆ ದಿನ. ಜಾರಿದ ಮರುದಿನವೇ ಓಪಿಗೆ ಹೋಗಬೇಕು ಅಂತ ನಾನು ಎಲ್ಲರಿಗೂ ಹೇಳುತ್ತಿರುವುದು ಇದನ್ನು ನೋಡಿಯೇ. ನಾಚಿಕೆಯಿಂದ ಮನೆಯಲ್ಲಿ ಉಳಿದವರು ಮತ್ತೆ ಪೂರ್ತಿ ಕುಡಿತಕ್ಕೆ ಹೋದದ್ದನ್ನು ನಮ್ಮ ಊರಿನಲ್ಲಿ ನೋಡಿದ್ದೇನೆ.

ಈಗ ಭಾವ ಮರ ಹತ್ತುತ್ತಾರೆ, ಡಾಕ್ಟರು ಒಪ್ಪಿದ ಮೇಲೆ. ಹುಡುಗನಿಗೆ ತಿಂಗಳಿಗೊಮ್ಮೆ ಬಂದರೆ ಸಾಕು ಅಂದಿದ್ದಾರೆ. ನಮ್ಮ ಜಿಲ್ಲೆಯ ‘ವಿಮುಕ್ತಿ’ ವ್ಯಸನಮುಕ್ತಿ ಕೇಂದ್ರ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ, ಕೇರಳ ಅಬಕಾರಿ ಇಲಾಖೆಯ ಆ ಯೋಜನೆಯ ಉಚಿತ ನಂಬರ್ 14405. ಕನ್ನಡದಲ್ಲೇ ಮಾತಾಡಬೇಕು ಅನ್ನುವವರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ರಾತ್ರಿಯೂ ಸಿಗುತ್ತಾರೆ. ಪೆರ್ಲ, ಬದಿಯಡ್ಕ, ನೀರ್ಚಾಲು ಕಡೆಯವರಿಗೆ ಮೊದಲ ದಿನ ಜೊತೆಗೆ ಒಬ್ಬರು ಬೇಕು ಅನಿಸಿದರೆ ನನ್ನನ್ನು ಕೇಳಿ, ಬರುತ್ತೇನೆ. ಬೇಕಾದರೆ ಭಾವನೂ ಬರುತ್ತಾರಂತೆ.