ಕೆಲಗೇರಿ ಕೆರೆ ನೀರು, ಕಣಿಕಿ ಮತ್ತು ಜಗಲಿಯ ವಿಭೂತಿ

ದಿನ 1
ಕಣ್ಣಿಗೆ ಕಾಣದ ಜೀವಿಗಳನ್ನು ನೋಡಬೇಕೆಂದು ಧಾರವಾಡದ ಕೆಲಗೇರಿ ಕೆರೆ ದಂಡೆಯಿಂದ ಒಂದು ಬಾಟಲಿ ನೀರು ತಂದೆ. ಜೋಳದ ಕಣಿಕಿ (ಒಣಗಿದ ದಂಟು) ಕತ್ತರಿಸಿ, ಕುದಿಸಿ ಆರಿಸಿದ ನೀರಿಗೆ ಕೆರೆ ನೀರು ಬೆರೆಸಿ, ಉಪ್ಪಿನಕಾಯಿಯ ಗಾಜಿನ ಡಬ್ಬಿಯಲ್ಲಿ ಹಿತ್ತಲ ಕಿಟಕಿಗಿಟ್ಟೆ. ಮುಚ್ಚಳ ಸಡಿಲ. ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕ ಮೈಕ್ರೋಸ್ಕೋಪು 400 ಪಟ್ಟು ತೋರಿಸುತ್ತದೆ. ಕೆಳಗಿನ ಕನ್ನಡಿ ಮಬ್ಬಾಗಿದೆ, ಅದಕ್ಕೆ ಮೊಬೈಲ್ ಟಾರ್ಚ್.

ದಿನ 2
ಸಣ್ಣ ಸಣ್ಣ ಕಣಗಳು ನಿಂತಲ್ಲೇ ಗಡಗಡ ನಡುಗುತ್ತಿದ್ದವು. ‘ಜೀವ ಅದಾವ, ಬಾ ಇಲ್ಲೆ’ ಎಂದು ಅವ್ವನನ್ನು ಕೂಗಿದೆ. ಒಂದು ಕಣ್ಣು ಮುಚ್ಚಿ ನೋಡಿ, ‘ಧೂಳ ಇದ್ದೀತು’ ಅಂದು ಒಳಗೆ ಹೋದಳು.

ಸಿಟ್ಟು ಬಂತು. ದೇವರ ಜಗಲಿಯ ಮೇಲಿನ ವಿಭೂತಿಯನ್ನು ಚಿಟಿಕೆಯಷ್ಟು ನೀರಿನಲ್ಲಿ ಕದಡಿ ಗಾಜಿನ ಮೇಲೆ ಹಾಕಿದೆ. ಅದೂ ನಡುಗಿತು! 1827ರಲ್ಲಿ ರಾಬರ್ಟ್ ಬ್ರೌನ್ ಪರಾಗದೊಳಗಿನ ಕಣಗಳು ಹೀಗೇ ಕುಣಿಯುವುದನ್ನು ಕಂಡಿದ್ದ. ಆಮೇಲೆ ಗಾಜು, ಕಲ್ಲು, ಈಜಿಪ್ತಿನ ಸ್ಫಿಂಕ್ಸಿನ ಚೂರು ಕೂಡ ಅರೆದು ನೋಡಿದ, ಎಲ್ಲವೂ ಕುಣಿದವು. ನೀರಿನ ಅಣುಗಳು ಬಡಿಯುವ ಆಟ ಅದು. ಅವ್ವನಿಗೆ ಇನ್ನೂ ಹೇಳಿಲ್ಲ.

ದಿನ 7
ಗಬ್ಬು ವಾಸನೆ. ಮೇಲೆ ಬ್ಯಾಕ್ಟೀರಿಯಾದ ಕೆನೆ. ‘ನೀ ಚೆಲ್ಲತೀಯೋ, ನಾ ಚೆಲ್ಲಲೋ?’ ಅಂದಳು ಅವ್ವ.

ದಿನ 12
ಪ್ಯಾರಮೀಸಿಯಂ! ಒಂದೇ ಕೋಶದ ಜೀವಿಗಳು, ಬ್ಯಾಕ್ಟೀರಿಯಾ ತಿನ್ನಲು ಬಂದವು. ಚಪ್ಪಲಿಯ ಅಚ್ಚಿನಂಥ ಮೈ, ಉರುಳುತ್ತಾ ಈಜುತ್ತದೆ. ಕಣಿಕಿಯ ನಾರಿಗೆ ಡಿಕ್ಕಿ ಹೊಡೆದರೆ ಹಿಂದೆ ಸರಿದು, ಸ್ವಲ್ಪ ಹೊರಳಿ, ಬೇರೆ ದಿಕ್ಕು ಹಿಡಿಯುತ್ತದೆ. ವಿಭೂತಿ ಹೀಗೆ ಮಾಡಿರಲಿಲ್ಲ.

ಓಟ ತಡೆಯಲು ಹತ್ತಿಯ ನಾಲ್ಕು ಎಳೆ ಹಾಕಿದೆ. ಒಂದು ಸಿಕ್ಕಿಕೊಂಡಿತು. ಮೈಯ ಒಂದು ತುದಿಯಲ್ಲಿ ನಕ್ಷತ್ರದಂತೆ ಕಾಲುವೆಗಳು ಮೂಡಿದವು, ನಡುವೆ ಗುಂಡನೆಯ ಗುಳ್ಳೆ ಉಬ್ಬಿತು, ಪಟ್ಟನೆ ಮಾಯವಾಯಿತು. ಮತ್ತೆ ಕಾಲುವೆ, ಮತ್ತೆ ಗುಳ್ಳೆ. ಶಾಲೆಯಲ್ಲಿ ಚಿತ್ರ ಬರೆದು ಹೆಸರಿಸಿದ್ದ ಸಂಕೋಚನ ರಸದಾನಿ, ಅಂದರೆ ನೀರು ಹೊರಹಾಕುವ ಚೀಲ, ಇದೇ. ಒಳಗೆ ಲವಣ ಹೆಚ್ಚು, ಹೊರಗೆ ಸಿಹಿನೀರು. ನೀರು ಸುಮ್ಮನೆ ನುಗ್ಗುತ್ತಲೇ ಇರುತ್ತದೆ. ಎತ್ತಿ ಹಾಕದಿದ್ದರೆ ಮೈ ಒಡೆದೀತು. ನಿಮಿಷಕ್ಕೆ 6 ಸಲ ಎಣಿಸಿದೆ. ಅಂಚಿನಿಂದ ತೆಳು ಉಪ್ಪುನೀರು ಒಂದು ಹನಿ ಬಿಟ್ಟೆ: 2 ಸಲ. ನುಗ್ಗುವ ನೀರು ಕಡಿಮೆಯಾದ ಕೂಡಲೇ ಕೆಲಸವೂ ಕಡಿಮೆ. ಕೈಯಿಲ್ಲದ, ಕಣ್ಣಿಲ್ಲದ ಒಂದೇ ಕೋಶ ಲೆಕ್ಕ ಇಟ್ಟಂತೆ ನಡೆದುಕೊಂಡದ್ದು ನನಗೆ ಅದರ ಈಜಿಗಿಂತ ದೊಡ್ಡದಾಗಿ ಕಂಡಿತು.

ದಿನ 13
ಉಪ್ಪು ಹೆಚ್ಚಾಯಿತು. ಮೈ ಸುಕ್ಕಿತು, ಗುಳ್ಳೆ ನಿಂತಿತು. ಬೇಜಾರಾಯಿತು.

ಹೊಸ ಹನಿ ಹಾಕಿದ್ದೇನೆ. ಎರಡು ತುದಿಯ ಗುಳ್ಳೆಗಳು ಒಟ್ಟಿಗೆ ಒಡೆಯುತ್ತಿಲ್ಲ, ಸರದಿ ಹಿಡಿದಂತಿದೆ. ನಾಳೆ ಎರಡನ್ನೂ ಬೇರೆ ಬೇರೆ ಎಣಿಸಬೇಕು. ಒಂದಕ್ಕೆ ಅವ್ವನನ್ನು ಕೂರಿಸಬೇಕು.